ನೀರು ಇಳಿದ ಮೇಲೆ: ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಒಂದು ಪವಿತ್ರ ವಾರ

ಬುಧವಾರ

ತುಮಕೂರಿನಿಂದ ತಿಪಟೂರು, ಅರಸೀಕೆರೆಗಳ ಮೂಲಕ ಹಾಸನಕ್ಕೆ ಹೋಗುವ ಬಸ್ಸಿನ ಪ್ರಯಾಣದ ಬಗ್ಗೆ ಬರೆಯಬೇಕಾದದ್ದು ಹೆಚ್ಚಿಲ್ಲ; ದಾರಿಯುದ್ದಕ್ಕೂ ತೆಂಗಿನ ತೋಟ, ಏಪ್ರಿಲ್ ತಿಂಗಳ ಬಿಸಿಲು, ಕಿಟಕಿಯ ಪಕ್ಕದಲ್ಲಿ ಮಾತಿಲ್ಲದೆ ಕುಳಿತ ಅಕ್ಕ. ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರವನ್ನು ಈ ಸಲ ಊರಿನ ಕಡೆ ಕಳೆಯೋಣ ಎಂದವಳು ಅವಳೇ. ಹಾಸನದ ಬಳಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಿದ್ದ ಭಾವ, ಒಂದು ಮಳೆಗಾಲದ ಕೊಳೆ ರೋಗಕ್ಕೆ ಬೆಳೆಯನ್ನು ಕಳೆದುಕೊಂಡರು. ಮರುವರ್ಷ ಬೆಳೆ ಕೈಗೆ ಬಂದರೂ ಅರವತ್ತು ಕಿಲೋ ಚೀಲಕ್ಕೆ ಸಿಕ್ಕ ಬೆಲೆ ಕೀಳುವ ಕೂಲಿಗೂ ಸಾಲಲಿಲ್ಲ. ಸಾಲ ಕೊಟ್ಟವರ ಫೋನು ಬಿಡುವಿಲ್ಲದೆ ಬರುತ್ತಿದ್ದ ಆ ದಿನಗಳಲ್ಲೇ ಅವರು ತಮ್ಮ ಕೈಯಾರೆ ಜೀವ ಕಳೆದುಕೊಂಡರು.

ಅಂತ್ಯಕ್ರಿಯೆ ನಮ್ಮ ಗುಡಿಯಲ್ಲಿಯೇ, ಅಂದರೆ ಚರ್ಚಿನಲ್ಲಿಯೇ, ವಿಧಿವತ್ತಾಗಿ ನಡೆಯಿತು. ಆದರೆ ಮಣ್ಣು ಮಾಡಿ ಬಂದ ಸಂಜೆ ನೆಂಟರಲ್ಲಿ ಹಿರಿಯರೊಬ್ಬರು, ‘ಇಂಥ ಸಾವಿಗೆ ಮೋಕ್ಷವಿಲ್ಲ’ ಎಂದು ಯಾರಿಗೋ ಹೇಳಿದ್ದು ಅಕ್ಕನ ಕಿವಿಗೆ ಬಿತ್ತು. ಅಂದಿನಿಂದ ಅವಳು ಬಲಿಪೂಜೆಗೆ (ಮಾಸ್) ಬರುತ್ತಾಳೆ, ಕೊನೆಯ ಸಾಲಿನಲ್ಲಿ ಕೂರುತ್ತಾಳೆ, ಕ್ರಿಸ್ತನ ದೇಹವೆಂದು ಸ್ವೀಕರಿಸುವ ರೊಟ್ಟಿಯಾದ ಪರಮಪ್ರಸಾದಕ್ಕೆ ಎಲ್ಲರೂ ಎದ್ದಾಗ ತಾನು ಏಳುವುದಿಲ್ಲ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿರುವ ಮಗನಿಗೆ ತಂದೆಗೆ ಹೃದಯಾಘಾತವಾಯಿತು ಎಂದೇ ಹೇಳಿದ್ದಾಳೆ. ಸಾಲವನ್ನು ಇಬ್ಬರೂ ಸೇರಿ ತೀರಿಸುತ್ತಿದ್ದೇವೆ. ಅದು ಲೆಕ್ಕದ ಮಾತು, ಇಂದಲ್ಲ ನಾಳೆ ಮುಗಿಯುತ್ತದೆ. ಮುಗಿಯದೆ ಉಳಿದದ್ದು ಆ ಸಂಜೆಯ ಒಂದು ವಾಕ್ಯ.

ರಾತ್ರಿ ಹಾಸನದಲ್ಲಿ ತಂಗಿದೆವು.

ಪವಿತ್ರ ಗುರುವಾರ

ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಶೆಟ್ಟಿಹಳ್ಳಿಗೆ ಹೋದೆವು. ನಮ್ಮ ಅಜ್ಜಿಯ ತವರು ಅದು. ಫ್ರೆಂಚ್ ಗುರುಗಳು 1860ರ ಆಸುಪಾಸಿನಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ಗುಡಿಯು ಹೇಮಾವತಿಯ ದಡದಲ್ಲಿದೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಊರನ್ನು ಬೇರೆಡೆಗೆ ಕಳುಹಿಸಲಾಯಿತು, ಗುಡಿ ಮಾತ್ರ ಇದ್ದಲ್ಲಿಯೇ ನಿಂತಿತು. ಮಳೆಗಾಲದಲ್ಲಿ ಹಿನ್ನೀರು ಏರಿ ಅದನ್ನು ಅರ್ಧಂಬರ್ಧ ಮುಳುಗಿಸುತ್ತದೆ, ಬೇಸಿಗೆಯಲ್ಲಿ ಇಳಿದು ಅಡಿಪಾಯದವರೆಗೂ ತೋರಿಸುತ್ತದೆ. ನಾವು ಹೋದಾಗ ನೀರು ಬಹಳ ದೂರ ಸರಿದಿತ್ತು. ಬಿರುಕುಬಿಟ್ಟ ಕೆಸರಿನ ನೆಲದ ಮೇಲೆ ದನಗಳು ಮೇಯುತ್ತಿದ್ದವು. ಛಾವಣಿ ಎಂದೋ ಹೋಗಿದೆ. ಕಮಾನುಗಳೂ ಕಂಬಗಳೂ ಪೀಠವಿದ್ದ ಕಡೆಯ ಅರ್ಧವೃತ್ತಾಕಾರದ ಗೋಡೆಯೂ ಬಹುಮಟ್ಟಿಗೆ ಉಳಿದಿವೆಯಾದರೂ ಇತ್ತೀಚಿನ ಮಳೆಗಾಲಗಳಲ್ಲಿ ಕೆಲವು ಭಾಗಗಳು ಕುಸಿದಿವೆ. ಬೆಲ್ಲ, ಮೊಟ್ಟೆ ಬೆರೆಸಿದ ಗಾರೆ ಎಂದು ಜನ ಹೇಳುತ್ತಾರೆ. ಹಳೆಯ ಕಟ್ಟಡಗಳೆಲ್ಲದರ ಬಗ್ಗೆಯೂ ಜನ ಇದನ್ನೇ ಹೇಳುವುದರಿಂದ ನಾನು ಆ ಮಾತನ್ನು ಅರ್ಧ ಮಾತ್ರ ನಂಬಿದ್ದೇನೆ.

ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದಿದ್ದ ಒಂದು ಜೋಡಿ ಹಾಗೂ ಡ್ರೋನ್ ಹಾರಿಸುತ್ತಿದ್ದ ಹುಡುಗರ ನಡುವೆ ನಮಗೆ ಪ್ರಾರ್ಥನೆಗೆ ಬೇಕಾದ ಮೌನ ಸಿಗಲಿಲ್ಲ. ಅದಕ್ಕೆ ಬೇಸರಪಟ್ಟುಕೊಳ್ಳುವ ಹಕ್ಕು ನನಗೆ ಅಷ್ಟಾಗಿ ಇಲ್ಲವೆಂದು ಅಲ್ಲಿಯೇ ಅನಿಸಿತು. ಈ ಗುಡಿಯನ್ನು ಮುಳುಗಿಸುವ ನೀರೇ ನಾಲೆಯಲ್ಲಿ ಹರಿದು ತುಮಕೂರಿನ ಬುಗುಡನಹಳ್ಳಿ ಕೆರೆಯನ್ನು ತಲುಪುತ್ತದೆ. ಅಲ್ಲಿಂದ ನಮ್ಮ ಮನೆಯ ನಲ್ಲಿಗೆ ಬರುತ್ತದೆ. ಅಜ್ಜಿ ಜ್ಞಾನಸ್ನಾನ ಪಡೆದ ಗುಡಿ ನೀರಿನಲ್ಲಿ ನಿಂತದ್ದರಿಂದ ನಮ್ಮ ಬೀದಿಗೆ ಕುಡಿಯುವ ನೀರು ಬಂದಿದೆ ಎಂಬುದನ್ನು ಅನ್ಯಾಯವೆನ್ನಲೋ ಉಪಕಾರವೆನ್ನಲೋ ನನಗೆ ಇಂದಿಗೂ ತಿಳಿಯದು. ಅಜ್ಜಿ ಮಾತ್ರ ಯಾರ ಮೇಲೂ ಸಿಟ್ಟು ತೋರಿಸಿದ್ದನ್ನು ನಾನು ಕಾಣೆ. ಹೊಸ ಜಾಗಕ್ಕೆ ಹೋದವರು ಮೊದಲು ಮಾಡಿದ್ದು ಸಂಜೆಯ ಜಪಸರಕ್ಕೆ ಒಂದು ಮನೆಯ ಜಗಲಿಯನ್ನು ಗೊತ್ತುಮಾಡಿದ್ದು, ಆಮೇಲೆ ಬಾವಿ, ಆಮೇಲೆ ಮಿಕ್ಕದ್ದು ಎಂದು ಅವಳು ಹೇಳುತ್ತಿದ್ದಳು. ಊರಿನ ಕಥೆ ಮುಗಿಯಿತು ಎಂದು ಸುತ್ತಲಿನವರು ಅಂದುಕೊಂಡಾಗಲೂ ಊರಿನವರು ಹಾಗೆ ಅಂದುಕೊಂಡಿರಲಿಲ್ಲ.

ಅಕ್ಕ ಪೀಠವಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು, ಗೋಡೆಯ ಮೇಲೆ ನೀರು ನಿಂತ ಗುರುತನ್ನು ಕೈಯಿಂದ ಮುಟ್ಟಿ, ‘ಇಷ್ಟು ಎತ್ತರ ಬರುತ್ತಾ?’ ಎಂದಳು. ಬರುತ್ತದೆ ಎಂದೆ. ಬೇರೆ ಮಾತಾಗಲಿಲ್ಲ.

ಸಂಜೆ ಹಾಸನದಲ್ಲಿ ಕಡೆಯ ರಾತ್ರಿಭೋಜನದ ಬಲಿಪೂಜೆ. ಪಾದ ತೊಳೆಯುವ ವಿಧಿಗೆ ಕುಳಿತಿದ್ದ ಹನ್ನೆರಡು ಜನರಲ್ಲಿ ಐದಾರು ಮಂದಿ ಹೆಂಗಸರಿದ್ದರು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರು ವಿಧಿಯ ನಿಯಮವನ್ನು ಬದಲಿಸುವವರೆಗೆ ಅಲ್ಲಿ ಗಂಡಸರು ಮಾತ್ರ ಕೂರಬೇಕಿತ್ತು. ಅವರಲ್ಲೊಬ್ಬಾಕೆ ಆಸ್ಪತ್ರೆಯ ಆಯಾ ಎಂದು ಪಕ್ಕದವರು ಹೇಳಿದರು. ದಿನವಿಡೀ ನಿಂತು ಒಡೆದ ಹಿಮ್ಮಡಿಯನ್ನು ಗುರುಗಳ ಮುಂದೆ ಚಾಚಲು ಆಕೆ ನಾಚಿಕೊಂಡದ್ದು, ಗುರುಗಳು ಅವಸರಪಡದೆ ಕಾದದ್ದು ಕಣ್ಣಿಗೆ ಕಟ್ಟಿದೆ. ‘ಗ್ಲೋರಿಯ’ ಹಾಡಿನೊಂದಿಗೆ ಗಂಟೆಗಳು ಮೊಳಗಿ ನಿಂತವು. ಶನಿವಾರ ರಾತ್ರಿಯವರೆಗೂ ಇನ್ನು ಅವು ಮೊಳಗುವುದಿಲ್ಲ.

ಶುಭ ಶುಕ್ರವಾರ

ಸಾತಳ್ಳಿಗೆ ಹೋದದ್ದು ಶಿಲುಬೆಯ ಹಾದಿಗಾಗಿ, ಅಂದರೆ ಯೇಸುವಿನ ಯಾತನೆಯನ್ನು ಧ್ಯಾನಿಸುತ್ತ ನಡೆಯುವ ಪ್ರಾರ್ಥನೆಗಾಗಿ. ಹಾಸನ ಸೀಮೆಯ ಕಥೋಲಿಕರಿಗೆ ಈ ಊರಿನ ಮೇಲೆ ಬೇರೆಯೇ ಒಂದು ಅಭಿಮಾನವಿದೆ. ಫ್ರೆಂಚ್ ಗುರು ಅಬ್ಬೆ ದುಬಾಯಿಸ್ ಕ್ರೈಸ್ತರಿಗಾಗಿ ಒಕ್ಕಲುತನದ ನೆಲೆಯೊಂದನ್ನು ಕಟ್ಟಿದ್ದು ಇಲ್ಲಿ. ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ, 1792ರಲ್ಲಿ, ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರುವಾಗಿ ಭಾರತಕ್ಕೆ ಬಂದ ಈತ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚೆದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಿದರು. ಈ ನೆಲದವರ ಉಡುಪನ್ನೇ ಉಟ್ಟು, ಮಾಂಸ ಬಿಟ್ಟು ಬದುಕಿದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸವನ್ನು ಮೈಸೂರು ಸಂಸ್ಥಾನದಲ್ಲಿ ಆರಂಭದಲ್ಲಿಯೇ ಕೈಗೆತ್ತಿಕೊಂಡವರಲ್ಲಿ ಅವರೂ ಒಬ್ಬರು.

ಅವರ ಬಗ್ಗೆ ನನ್ನನ್ನು ಕಾಡುವ ಸಂಗತಿ ಬೇರೆ. ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದ ಅವರು, ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಹಿಂದೂಸ್ಥಾನದಲ್ಲಿ ಕ್ರೈಸ್ತ ಧರ್ಮ ಬೇರೂರುವ ಆಸೆಯಿಲ್ಲವೆಂದು ವಾದಿಸಿದರು. ಕಂಡದ್ದನ್ನು ಮುಚ್ಚಿಡದೆ ಬರೆದ ಮನುಷ್ಯ. ಅವರ ನಿರಾಶೆಗೆ ಕಾರಣಗಳಿದ್ದವು. ಆದರೆ ಅವರು ಆಸೆ ಬಿಟ್ಟು ಎರಡು ಶತಮಾನಗಳ ಮೇಲೆ, ಅವರೇ ಕಟ್ಟಿದ ನೆಲೆಯಲ್ಲಿ, ಕೆಲಸದ ಬಟ್ಟೆಯಲ್ಲಿಯೇ ಬಂದ ಒಕ್ಕಲಿನವರ ಜೊತೆ ನಾನು ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳನ್ನು ನಡೆದೆ. ನಡುವೆ 1876–78ರ ಬರವೂ ಬಂದು ಹೋಗಿದೆ. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದದ್ದು ಆ ಬರದಿಂದ. ಇಷ್ಟು ಕಂಡ ನೆಲದಲ್ಲಿ ಯಾವುದರ ಬಗ್ಗೆಯೂ ಕಡೆಯ ಮಾತನ್ನು ಆಡುವುದು ಸಾಮಾನ್ಯ ಧೈರ್ಯದ ಕೆಲಸವಲ್ಲ.

ಮಧ್ಯಾಹ್ನದ ಆರಾಧನೆಯಲ್ಲಿ ಯೊವಾನ್ನರ ಶುಭಸಂದೇಶದ ಯಾತನೆಯ ವೃತ್ತಾಂತವನ್ನು ಓದಲಾಯಿತು. ಈ ದಿನ ಬಲಿಪೂಜೆ ಇಲ್ಲ. ಶಿಲುಬೆಯ ಮುಂದೆ ಒಬ್ಬೊಬ್ಬರಾಗಿ ಹೋಗಿ ಮುತ್ತಿಡುತ್ತಾರೆ. ಅಕ್ಕ ಈ ಸಾಲಿಗೆ ಎದ್ದಳು. ಶಿಲುಬೆಗೆ ಮುತ್ತಿಡಬಹುದು, ಪ್ರಸಾದಕ್ಕೆ ಕೈ ಚಾಚಬಾರದು ಎಂಬುದು ಅವಳೇ ತನಗೆ ವಿಧಿಸಿಕೊಂಡ ಕಾನೂನು.

ಎಲ್ಲ ಮುಗಿದು ಜನರು ಗಂಜಿ, ಉಪ್ಪಿನಕಾಯಿಗೆ ಕುಳಿತಾಗ ಅವಳು ಅಲ್ಲಿಗೆ ಬಂದಿದ್ದ ವಯಸ್ಸಾದ ಗುರುಗಳೊಬ್ಬರ ಬಳಿ ಹೋಗಿ, ಪೀಠಿಕೆಯಿಲ್ಲದೆ, ‘ಫಾದರ್, ತಾವೇ ಪ್ರಾಣ ಕಳಕೊಂಡವರಿಗೆ ಪ್ರಾರ್ಥನೆ ಮಾಡಬಹುದಾ?’ ಎಂದು ಕೇಳಿದಳು. ನಾನು ದೂರ ಸರಿಯಲು ಹೊರಟರೆ, ಇರು ಎಂದು ಕೈಸನ್ನೆ ಮಾಡಿದಳು.

ಅವರು ಸಮಾಧಾನದ ಮಾತುಗಳಿಂದ ಶುರುಮಾಡಲಿಲ್ಲ, ಅದು ನನಗೆ ಹಿಡಿಸಿತು. ಮೊದಲು ಭಾವನ ಹೆಸರು ಕೇಳಿದರು, ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದರು, ಎಷ್ಟು ದಿನದಿಂದ ನಿದ್ದೆಯಿರಲಿಲ್ಲ ಎಂದು ಕೇಳಿದರು. ಆಮೇಲೆ ಹೇಳಿದ್ದು ಇಷ್ಟು: 1917ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ, ಉದ್ದೇಶಪೂರ್ವಕವಾಗಿ ಪ್ರಾಣ ತೆಗೆದುಕೊಂಡವರಿಗೆ ಗುಡಿಯ ಅಂತ್ಯಕ್ರಿಯೆಯನ್ನು ನಿರಾಕರಿಸುವ ನಿಯಮವಿತ್ತು, ಹಳಬರ ಬಾಯಲ್ಲಿರುವುದು ಅದರ ನೆನಪು. 1983ರ ಸಂಹಿತೆಯಲ್ಲಿ ಅದನ್ನು ಕೈಬಿಡಲಾಗಿದೆ. 1992ರಲ್ಲಿ ಹೊರಬಂದ ಧರ್ಮೋಪದೇಶದ ಗ್ರಂಥವು ಪ್ರಾಣ ಕೊಟ್ಟ ದೇವರೇ ಅದರ ಒಡೆಯ, ಅದನ್ನು ತೆಗೆಯುವ ಅಧಿಕಾರ ನಮಗಿಲ್ಲ ಎಂಬುದನ್ನು ಸಡಿಲಿಸದೆಯೇ, ತೀವ್ರವಾದ ಮಾನಸಿಕ ವೇದನೆ ಮತ್ತು ಭಯಗಳು ಮನುಷ್ಯನ ಹೊಣೆಯನ್ನು ತಗ್ಗಿಸುತ್ತವೆ ಎನ್ನುತ್ತದೆ. ಅಂಥವರ ನಿತ್ಯಜೀವದ ಬಗ್ಗೆ ಆಸೆ ಬಿಡಬಾರದು, ದೇವರಿಗೆ ಮಾತ್ರ ತಿಳಿದ ಹಾದಿಗಳಿವೆ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದೂ ಹೇಳುತ್ತದೆ. ‘ನೀವು ಕೇಳಿದ್ದು ಮಾಡಬಹುದಾ ಎಂದು. ಮಾಡಬೇಕು ಅಮ್ಮಾ,’ ಎಂದರು. ‘ತೀರ್ಪು ಕೊಡೋದು ನಿಮ್ಮ ಕೆಲಸ ಅಲ್ಲ, ಆ ಹಿರಿಯರ ಕೆಲಸವೂ ಅಲ್ಲ, ನನ್ನದೂ ಅಲ್ಲ.’

ಅಕ್ಕ ಅಳಲಿಲ್ಲ. ಗಂಜಿ ಆರುತ್ತದೆ ಎಂದು ಗುರುಗಳಿಗೆ ತಾನೇ ತಟ್ಟೆ ತಂದುಕೊಟ್ಟಳು.

ಆಧ್ಯಾತ್ಮಿಕ ಬಿಡುಗಡೆ ಎಂಬ ಮಾತನ್ನು ಪ್ರವಚನಗಳಲ್ಲಿ ಬಹಳ ಸಲ ಕೇಳಿದ್ದೇನೆ. ಅನೇಕ ಸಲ ಅದರ ಬೆನ್ನಿಗೇ ಸಾಲ ತೀರಿದ, ಕಾಯಿಲೆ ವಾಸಿಯಾದ, ವೀಸಾ ಸಿಕ್ಕ ಸಾಕ್ಷಿಗಳು ಬರುತ್ತವೆ. ಆ ಸಾಕ್ಷಿಗಳನ್ನು ನಾನು ಹಳಿಯಲಾರೆ, ಕಷ್ಟದಲ್ಲಿರುವವನಿಗೆ ಸಾಲ ತೀರುವುದು ಸಣ್ಣ ವಿಷಯವಲ್ಲ. ಆದರೆ ಸಂತ ಪೌಲರು ಫಿಲಿಪ್ಪಿಯವರಿಗೆ ‘ಆನಂದಿಸಿರಿ’ ಎಂದು ಬರೆದದ್ದು ಸೆರೆಯಲ್ಲಿದ್ದುಕೊಂಡು. ಆ ಪತ್ರದ ಕೊನೆಯವರೆಗೂ ಅವರ ಬೇಡಿ ಕಳಚಿರಲಿಲ್ಲ. ಸಾತಳ್ಳಿಯ ಆ ಮಧ್ಯಾಹ್ನ ಅಕ್ಕನ ಸಾಲದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಹಾಗಿದ್ದೂ ಅವಳು ಗಂಜಿಯನ್ನು ಎರಡನೆಯ ಸಲ ಹಾಕಿಸಿಕೊಂಡಳು.

ಪವಿತ್ರ ಶನಿವಾರ

ಸಕಲೇಶಪುರದ ಹಾದಿ ಹಿಡಿಯುವ ಮುನ್ನ ಅಕ್ಕ ಹಾಸನದ ಸಮಾಧಿಭೂಮಿಯ ಬಳಿ ಕಾರು ನಿಲ್ಲಿಸಲು ಹೇಳಿದಳು. ಭಾವನನ್ನು ಮಣ್ಣು ಮಾಡಿದ ದಿನದಿಂದ ಅವಳು ಅಲ್ಲಿಗೆ ಹೋಗಿರಲಿಲ್ಲ. ಶಿಲುಬೆಯ ಮೇಲಿನ ಬಣ್ಣ ಮಾಸಿತ್ತು, ಸುತ್ತ ಹುಲ್ಲು ಬೆಳೆದಿತ್ತು. ಇಬ್ಬರೂ ಕೂತು ಹುಲ್ಲು ಕಿತ್ತೆವು. ಕೀಳುತ್ತಲೇ ಅವಳು ಕೇಳಿದಳು: ‘ವಿಶ್ವಾಸ ಪ್ರಮಾಣದಲ್ಲಿ “ಪಾತಾಳಕ್ಕಿಳಿದು” ಅಂತ ಹೇಳ್ತೀವಲ್ಲ. ಇವತ್ತಿನ ದಿನಾನೇ ಅಲ್ವಾ ಅದು?’

‘ಹೌದು, ಶನಿವಾರ.’

‘ಅಲ್ಲಿಗೆ ಯೇಸು ಯಾರನ್ನ ನೋಡೋಕೆ ಹೋಗಿದ್ರು?’

ನಾನು ಉಪಾಧ್ಯಾಯ. ಆದಾಮ, ಹವ್ವ, ಪಿತೃಗಳು ಎಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದನ್ನು ಹೇಳಬಹುದಿತ್ತು. ಅವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಹುಲ್ಲಿನ ಕಟ್ಟನ್ನು ಬೇಲಿಯಾಚೆ ಹಾಕಿ ಬಂದು ಅವಳೇ ಅಂದಳು: ‘ಯಾರೂ ಹೋಗದ ಜಾಗಕ್ಕೂ ಹೋಗಿದ್ದಾರೆ ಅಂತಾಯ್ತು. ಅಷ್ಟು ಸಾಕು ನಂಗೆ.’ ಪವಿತ್ರ ಶನಿವಾರದ ಮೇಲೆ ನಾನು ಕೇಳಿದ ಪ್ರವಚನಗಳಲ್ಲಿ ಇದಕ್ಕಿಂತ ನೇರವಾದದ್ದು ನೆನಪಿಲ್ಲ.

ಸಕಲೇಶಪುರ ದಾಟಿ ಹಾನುಬಾಳು, ಜನ್ನಾಪುರಗಳ ಮೂಲಕ ಮೂಡಿಗೆರೆಗೆ ಹೋಗುವ ರಸ್ತೆಯಲ್ಲಿ ಹಿಂದಿನ ವಾರದ ಹೂಮಳೆಗೆ ಕಾಫಿ ಅರಳಿತ್ತು. ಮಲ್ಲಿಗೆಯನ್ನು ಹೋಲುವ ಅದರ ಪರಿಮಳ ಮುಚ್ಚಿದ ಕಾರಿನೊಳಗೂ ಬರುತ್ತದೆ. ಆನೆಗಳ ಎಚ್ಚರಿಕೆಯ ಫಲಕಗಳು ನಾವು ಚಿಕ್ಕವರಿದ್ದಾಗ ಇಷ್ಟೊಂದು ಇರಲಿಲ್ಲ. ನಮ್ಮ ಅಪ್ಪ ಬಣಕಲ್ ಕಡೆಯ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿದ್ದರು. ನಾವು ಬೆಳೆದದ್ದು ಕೆಲಸಗಾರರ ಲೈನ್ ಮನೆಗಳ ಪಕ್ಕದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ. ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಕಥೋಲಿಕರು, ತಮಿಳು ಮಾತನಾಡುವ ಕೆಲಸಗಾರರು, ನಮ್ಮಂಥ ಹಾಸನದ ಕನ್ನಡದವರು, ಎಲ್ಲರೂ ಒಂದೇ ಗುಡಿಯಲ್ಲಿ ಮೂರು ಭಾಷೆಯಲ್ಲಿ ಹಾಡುತ್ತಿದ್ದೆವು. ನೆಲ ತಮ್ಮದಲ್ಲದ ಜನರಿಗೆ ತಮ್ಮದೆನ್ನಲು ಇದ್ದ ಜಾಗ ಅದೊಂದೇ ಎಂದು ಈಗ ಅನಿಸುತ್ತದೆ.

ನಾವು ಉಳಿದದ್ದು ಆ ಕಾಲದ ನೆರೆಮನೆಯ ದೊಡ್ಡಮ್ಮನ ಮನೆಯಲ್ಲಿ. 2019ರ ಆಗಸ್ಟ್ ತಿಂಗಳಲ್ಲಿ ಕೊಟ್ಟಿಗೆಹಾರದ ಸುತ್ತಿನ ಮಲೆಮನೆ, ಮಧುಗುಂಡಿಯಂಥ ಹಳ್ಳಿಗಳಲ್ಲಿ ಗುಡ್ಡ ಕುಸಿದಾಗ ಅವರ ಹಳೆಯ ಮನೆಯೂ ತೋಟವೂ ಹೋದವು. ಬದಲಿ ಜಾಗಕ್ಕಾಗಿ ವರ್ಷಗಟ್ಟಲೆ ಅಲೆದು, ಕಡೆಗೆ ಮಗನ ಸಂಬಳದಲ್ಲಿ ಬೇರೆಡೆ ಸಣ್ಣದೊಂದು ಮನೆ ಮಾಡಿಕೊಂಡಿದ್ದಾರೆ. ಆ ರಾತ್ರಿ ಓಡುವಾಗ ಕೈಗೆ ಸಿಕ್ಕಿದ್ದು ರೇಷನ್ ಕಾರ್ಡಿನ ಚೀಲ, ಜಪಸರ, ಒಂದು ಚಾರ್ಜರ್. ‘ಫೋನು ಅಲ್ಲೇ ಬಿಟ್ಟು ಚಾರ್ಜರ್ ತಂದಿದ್ದೆ ನೋಡು ಮಗಾ,’ ಎಂದು ಅವರು ಈಗಲೂ ನಗುತ್ತಾರೆ. ಅವರಿಗೆ ಕೋಪ ಬರುವುದು ಗುಡ್ಡದ ಮೇಲಲ್ಲ; ಪರಿಹಾರ ಕೇಂದ್ರಕ್ಕೆ ಬಂದು, ಇದು ದೇವರು ಕೊಟ್ಟ ಶಿಕ್ಷೆ, ಪರಿಶೀಲಿಸಿಕೊಳ್ಳಿ ಎಂದು ಉಪದೇಶ ಮಾಡಿಹೋದವರ ಮೇಲೆ. ‘ಶಿಕ್ಷೆ ಅಂದ್ರೆ ನಮ್ಮ ಕೋಳಿಗಳು ಏನು ಪಾಪ ಮಾಡಿದ್ವು?’ ಯೋಬನ ಗ್ರಂಥದಲ್ಲಿ ಯೋಬನಿಗೆ ಇದೇ ಬುದ್ಧಿ ಹೇಳಿದ ಸ್ನೇಹಿತರ ಮೇಲೆ ದೇವರು ಕಡೆಯಲ್ಲಿ ಸಿಟ್ಟಾಗುತ್ತಾನೆ ಎಂದು ನಾನು ನೆನಪಿಸಿದಾಗ, ‘ಆಗಬೇಕಾದ್ದೇ,’ ಎಂದು ಅವರು ಅಕ್ಕಿ ರೊಟ್ಟಿ ತಟ್ಟಲು ಎದ್ದರು.

ರಾತ್ರಿ ಪಾಸ್ಕ ಜಾಗರಣೆ. ಗುಡಿಯ ಅಂಗಳದಲ್ಲಿ ಹೊಸ ಬೆಂಕಿ ಮಾಡಿ, ಆ ವರ್ಷದ ಅಂಕಿಗಳನ್ನು ಕೆತ್ತಿದ ಪಾಸ್ಕದ ದೊಡ್ಡ ಮೇಣದಬತ್ತಿಯನ್ನು ಹೊತ್ತಿಸಿ, ಅದರಿಂದ ಒಬ್ಬರ ಬತ್ತಿಗೆ ಒಬ್ಬರು ಬೆಳಕು ದಾಟಿಸುತ್ತ ಕತ್ತಲೆಯ ಗುಡಿಯೊಳಗೆ ಹೋದೆವು. ಹಳೆಯ ಒಡಂಬಡಿಕೆಯ ಏಳು ವಾಚನಗಳಲ್ಲಿ ಕೆಲವನ್ನು ಬಿಡಬಹುದು, ಆದರೆ ವಿಮೋಚನಕಾಂಡದ 14ನೆಯ ಅಧ್ಯಾಯವನ್ನು ಬಿಡುವಂತಿಲ್ಲ. ಫರೋಹನ ಸೈನ್ಯ ಬೆನ್ನ ಹಿಂದೆ, ಸಮುದ್ರ ಎದುರಿಗೆ ಇರುವಾಗ, ದೇವರು ನೀರನ್ನು ಸೀಳಿ ದಾರಿ ಮಾಡುವ ಮುಂಚೆ, ಜನರು ಮೋಶೆಯ ಮೇಲೆ ಗೊಣಗುವ ಭಾಗ. ‘ಈಜಿಪ್ಟಿನಲ್ಲಿ ಸಮಾಧಿಗಳಿರಲಿಲ್ಲವೆಂದು ನಮ್ಮನ್ನು ಇಲ್ಲಿ ಸಾಯಲು ಕರೆತಂದೆಯಾ’ ಎಂದು ಅವರು ಕೇಳುತ್ತಾರೆ. ಎಷ್ಟೋ ವರ್ಷಗಳಿಂದ ಕೇಳಿದ ವಾಚನವಾದರೂ ಶೆಟ್ಟಿಹಳ್ಳಿಯ ಗೋಡೆಯ ಮೇಲಿನ ನೀರಿನ ಗೆರೆಯನ್ನು ಕಂಡು ಬಂದ ನನಗೆ ಅದು ಬೇರೆಯಾಗಿ ಕೇಳಿಸಿತು. ಆ ಗುಡಿಯ ಮುಂದೆ ನೀರು ಸೀಳಿ ದಾರಿ ಬಿಡಲಿಲ್ಲ, ಗುಡ್ಡವೂ ದೊಡ್ಡಮ್ಮನ ಮನೆಯನ್ನು ಬಿಟ್ಟು ಇಳಿಯಲಿಲ್ಲ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ ಇಲ್ಲಿಂದಲೇ ಇಳಿದು ಹೋಗುವ ಹೇಮಾವತಿಗೆ ಯಾವ ಊರಿನ ಮೇಲೂ ಮುನಿಸಿಲ್ಲ, ಒಲವೂ ಇಲ್ಲ. ದಾಟುವ ಮುಂಚೆ ಗೊಣಗಿದವರನ್ನೂ ಸೇರಿಸಿಯೇ ದೇವರು ದಾಟಿಸಿದ, ಗೊಣಗಿದ್ದಕ್ಕಾಗಿ ಯಾರನ್ನೂ ಈಚೆ ದಡದಲ್ಲಿ ಬಿಟ್ಟು ಹೋಗಲಿಲ್ಲ ಎಂಬುದು ಮಾತ್ರ ನನಗೆ ಅಂದು ಹಿಡಿದ ಅರ್ಥ. ನಿರೀಕ್ಷೆ ಎಂದು ನಾನು ಕರೆಯಬಲ್ಲದ್ದು ಅದನ್ನೇ.

ಗಂಟೆಗಳು ಮತ್ತೆ ಮೊಳಗಿದವು. ಜ್ಞಾನಸ್ನಾನದ ವಾಗ್ದಾನಗಳನ್ನು ನವೀಕರಿಸಿದ ಮೇಲೆ ಗುರುಗಳು ಪ್ರೋಕ್ಷಿಸಿದ ನೀರು ದೊಡ್ಡಮ್ಮನ ಕನ್ನಡಕದ ಮೇಲೆ ಬಿದ್ದು, ಅವರು ಅದನ್ನು ಸೆರಗಿನಿಂದ ಒರೆಸುತ್ತಿದ್ದಾಗ ಪರಮಪ್ರಸಾದದ ಸಾಲು ಎದ್ದಿತು. ಅಕ್ಕ ಎದ್ದು ದೊಡ್ಡಮ್ಮನ ಹಿಂದೆ ನಿಂತಳು. ಸಾತಳ್ಳಿಯಲ್ಲಿ ಅವಳು ಪಾಪನಿವೇದನೆ ಮಾಡಿದ್ದಳೆಂದು ನನಗೆ ತಿಳಿದದ್ದೇ ಆಮೇಲೆ.

ಪಾಸ್ಕ ಭಾನುವಾರ

ಬೆಳಿಗ್ಗೆ ದೊಡ್ಡಮ್ಮ ಬಣ್ಣ ಹಾಕಿದ ಕೋಳಿಮೊಟ್ಟೆ, ಪೋರ್ಕ್ ಪಲ್ಯ, ನೀರುದೋಸೆ ಮಾಡಿದ್ದರು. ಉಪವಾಸದ ನಲವತ್ತು ದಿನಗಳ ಬಾಕಿಯನ್ನೆಲ್ಲ ಒಂದೇ ತಿಂಡಿಯಲ್ಲಿ ವಸೂಲು ಮಾಡಿಕೊಂಡಂತಾಯಿತು. ಚಿಕ್ಕಮಗಳೂರು ತಲುಪುವಷ್ಟರಲ್ಲಿ ಹನ್ನೊಂದು ದಾಟಿತ್ತು. ಮೈಸೂರು ಧರ್ಮಪ್ರಾಂತ್ಯದಿಂದ 1963ರಲ್ಲಿ ಬೇರೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಹಾಸನ ಜಿಲ್ಲೆಯೂ ಸೇರಿದೆ. ಹೀಗಾಗಿ ಶೆಟ್ಟಿಹಳ್ಳಿ, ಸಾತಳ್ಳಿ, ಬಣಕಲ್, ಇವೆಲ್ಲಕ್ಕೂ ಇಲ್ಲಿನ ಸಂತ ಜೋಸೆಫರ ಪ್ರಧಾನಾಲಯವೇ ತಾಯಿಗುಡಿ. ಹೊಸ ಬಟ್ಟೆಯ ಮಕ್ಕಳು, ಬೈಕುಗಳು, ಒಬ್ಬರಿಗೊಬ್ಬರು ‘ಪಾಸ್ಕದ ಶುಭಾಶಯ’ ಹೇಳುವವರ ಗದ್ದಲ. ಅಕ್ಕ ಕಚೇರಿಗೆ ಹೋಗಿ ಭಾವನ ಹೆಸರಿನಲ್ಲಿ ಪೂಜೆ ಬರೆಸಿದಳು. ಮೃತರ ಆತ್ಮಶಾಂತಿಗೆ ಎಂದು ಸುಮ್ಮನೆ ಬರೆದುಕೊಳ್ಳಲು ಹೊರಟ ಹುಡುಗನಿಗೆ, ಪೂರ್ತಿ ಹೆಸರು ಬರೆಯಪ್ಪ, ಓದುವಾಗ ಪೂರ್ತಿ ಓದಲಿ ಎಂದಳು.

ಕಡೂರಿನ ಬಸ್ಸಿಗೆ ಕಾಯುತ್ತಿದ್ದಾಗ ಅವಳು ಮೈಸೂರಿಗೆ ಫೋನು ಮಾಡಿದಳು. ಮಗನ ಪರೀಕ್ಷೆ ಸೋಮವಾರಕ್ಕೆ ಮುಗಿಯುತ್ತದೆ. ಪರೀಕ್ಷೆ ಹೇಗಾಯಿತು, ಪಾಸ್ಕದ ಊಟಕ್ಕೆ ಹಾಸ್ಟೆಲಿನಲ್ಲಿ ಏನು ಮಾಡಿದ್ದರು ಎಂದೆಲ್ಲ ಕೇಳಿ, ಮಂಗಳವಾರ ಬೆಳಗಿನ ಬಸ್ಸಿಗೇ ಹೊರಡು, ಅಪ್ಪನ ವಿಷಯ ನಿನ್ನ ಹತ್ತಿರ ಮಾತಾಡಬೇಕು ಎಂದಳು. ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ, ‘ನೀನು ಸ್ಕೂಲಿಗೆ ರಜಾ ಹಾಕು. ನಾನು ಶುರು ಮಾಡ್ತೀನಿ, ಎಲ್ಲಾದ್ರೂ ನಿಂತುಬಿಟ್ರೆ ನೀನು ಮುಂದುವರಿಸಬೇಕು,’ ಎಂದಳು. ಹಾಕುತ್ತೇನೆ ಎಂದೆ. ಅಷ್ಟರಲ್ಲಿ ಬಸ್ಸು ಬಂತು, ಸೀಟು ಹಿಡಿಯಲು ಓಡಿದೆವು.